ಬಾತಿಸ್ತನ ಚಾಕು ಅಲುಗುವುದಿಲ್ಲ

ಅಕ್ಟೋಬರ್ 4, 1954, ಸೋಮವಾರ

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ ನಮ್ಮ ಪಾದ್ರಿಗಳು. ಅವರಿಗೇನು, ಅವರು ವಿಧವೆಯನ್ನು ಮದುವೆಯಾದವರಲ್ಲ.

ಬೆಳಿಗ್ಗೆ ದನದ ವ್ಯಾಪಾರಿ ಬೋನಾರ್ ಅಂಗಡಿಗೆ ಬಂದು ಎರಡು ಮಡಿಚುವ ಚಾಕುಗಳನ್ನು ನನ್ನ ಮುಂದಿಟ್ಟ. ಒಂದು ನಾನು ಮಾಡಿದ್ದು, ಎರಡು ವರ್ಷದ್ದು. ಇನ್ನೊಂದು ಬಾತಿಸ್ತ್ ಮಾಡಿದ್ದು, ಮೂವತ್ತು ವರ್ಷದ್ದು. ಬಾತಿಸ್ತ್ ಎಂದರೆ ನನ್ನ ಹೆಂಡತಿ ಸೊಲಾಂಜಳ ಮೊದಲ ಗಂಡ. ಸತ್ತು ಏಳು ವರ್ಷವಾಯಿತು. ಈ ಅಂಗಡಿ, ಈ ಕುಲುಮೆ, ಉಕ್ಕು ಬಡಿಯುವ ಈ ಅಡೆಗಲ್ಲು ಎಲ್ಲವೂ ಅವನದಾಗಿತ್ತು. ಚಾಕುಗಳಿಗೆ ಹೆಸರಾದ ಈ ತಿಯೇರ್ ಊರಿನವರ ಬಾಯಲ್ಲಿ ಇವತ್ತಿಗೂ ಅವನದೇ ಮಾತು.

"ಬಾತಿಸ್ತನದ್ದಕ್ಕೆ ಸಾಣೆ ಹಿಡಿದ್ರೆ ಸಾಕು," ಎಂದ ಬೋನಾರ್. "ನಿಮ್ದು ಅಲುಗಾಡ್ತಾ ಇದೆ, ಯಜಮಾನ್ರೇ. ಚೀಸ್ ಕುಯ್ಯೋಕೆ ಹೋದ್ರೆ ಅಲಗು ಒಂದ್ಕಡೆ, ನಾನೊಂದ್ಕಡೆ."

ಬಾತಿಸ್ತನ ಚಾಕುವನ್ನು ಬಿಚ್ಚಿದೆ. ವರ್ಷಗಟ್ಟಲೆ ಸಾಣೆ ಹಿಡಿದು ಅಲಗು ಸವೆದು ಅರ್ಧವಾಗಿದೆ. ಕೊಂಬಿನ ಹಿಡಿ ಬೆವರು ಕುಡಿದು ಕಪ್ಪಾಗಿದೆ. ಅಲಗಿನ ತುದಿ ಹಿಡಿದು ಎಡಕ್ಕೆ ಬಲಕ್ಕೆ ಎಳೆದು ನೋಡಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಮಡಿಚಿದೆ. ಟಕ್ ಎಂದಿತು.

ಅಷ್ಟೇ ಸಾಕಾಯಿತು. ಅಡುಗೆಮನೆಯಲ್ಲಿ ಸೂಪಿಗೆ ಎಲೆಕೋಸು ಹೆಚ್ಚುತ್ತಿದ್ದ ಸೊಲಾಂಜ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಯಾರ ಚಾಕು ಎಂದು ಕೇಳಲೂ ಇಲ್ಲ. ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು, ಒಮ್ಮೆ ಬಿಚ್ಚಿ ಒಮ್ಮೆ ಮಡಿಚಿದಳು. ಆಗ ಅವಳ ಮುಖದ ಮೇಲೆ ಬಂದ ನಗುವನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

ಮೈಯೆಲ್ಲ ಉರಿಯಿತು. ಎರಡು ವಾರ ಬಿಟ್ಟು ಬಾ ಎಂದು ಬೋನಾರನನ್ನು ಸಾಗಹಾಕಿದೆ.

ಅಕ್ಟೋಬರ್ 5, ಮಂಗಳವಾರ

ಬಾತಿಸ್ತನ ಚಾಕುವನ್ನು ಭೂತಗನ್ನಡಿ ಹಿಡಿದು ನೋಡಿದೆ. ಅದರ ಉಕ್ಕು ನನ್ನದಕ್ಕಿಂತ ಮೇಲಿನದೇನಲ್ಲ. ಹದವಂತೂ ಸುಮಾರು, ಅಲಗಿನ ಬುಡದಲ್ಲಿ ಒಂದು ಕಡೆ ಮೆತ್ತಗೇ ಉಳಿದಿದೆ. ನಾನು ಬಾತಿಸ್ತನಿಗಿಂತ ಒಳ್ಳೆಯ ಕಮ್ಮಾರ. ಇದನ್ನು ಉರಿಯಿಂದ ಹೇಳುತ್ತಿಲ್ಲ, ಕಣ್ಣಿರುವ ಯಾರನ್ನಾದರೂ ಕೇಳಲಿ. ಹಾಗಿದ್ದರೆ ನನ್ನ ಚಾಕು ಎರಡೇ ವರ್ಷಕ್ಕೆ ಮುದುಕನ ಹಲ್ಲಿನ ಹಾಗೆ ಅಲುಗುವುದೇಕೆ?

ನನ್ನ ಊರು ನೊಜಾಂ. ಅಲ್ಲಿ ಒಬ್ಬ ಚಾಕು ಮಾಡಿದ ಎಂದರೆ ಅವನೇ ಮಾಡಿದ ಎಂದರ್ಥ. ಉಕ್ಕು ಬಡಿಯುವವನೂ ಅವನೇ, ಸ್ಪ್ರಿಂಗ್ ಕೂರಿಸುವವನೂ ಅವನೇ, ಕೊನೆಯ ಮೊಳೆ ಬಡಿಯುವವನೂ ಅವನೇ. ಅಲಗಿನ ಮೇಲೆ ಯಾರ ಗುರುತಿದೆಯೋ ಒಳಗಿನ ಕೈಯೂ ಅವನದು. ಹಾಗಾಗಿ ಬಾತಿಸ್ತನಿಗೆ ಏನೋ ಒಂದು ಗುಟ್ಟು ಗೊತ್ತಿತ್ತು, ಅದನ್ನು ಹೇಳದೆ ಸತ್ತ. ಬೇರೆ ಲೆಕ್ಕ ನನಗೆ ಹೊಳೆಯುತ್ತಿಲ್ಲ.

ಮದುವೆಗೆ ಮುಂಚೆ ಸೊಲಾಂಜಳನ್ನು ಒಮ್ಮೆ ಕೇಳಿದ್ದೆ, ಆಗೆಲ್ಲ ಅಂಗಡಿಯಲ್ಲಿ ನೀನೇನು ಮಾಡುತ್ತಿದ್ದೆ ಎಂದು. "ಅವನು ಬಡೀತಿದ್ದ, ನಾನು ಜೋಡಿಸ್ತಿದ್ದೆ," ಎಂದಿದ್ದಳು. ಗಂಡನ ಕೆಲಸಕ್ಕೆ ಕೈ ಜೋಡಿಸದ ಹೆಂಡತಿ ಯಾರಿದ್ದಾರೆ? ನನ್ನ ಅಮ್ಮನೂ ಜೋಡಿಸಿದವಳೇ. ಇದ್ದಿಲು ಹೊತ್ತು, ನೀರು ಹೊತ್ತು, ಅಪ್ಪನ ಮಸಿ ಬಟ್ಟೆ ಒಗೆದು ಸೊಂಟ ಕಳೆದುಕೊಂಡಳು. ನನ್ನ ಮನೆಯಲ್ಲಿ ನಿನ್ನ ಕೈಗೆ ಮಸಿ ತಾಗಲು ಬಿಡುವುದಿಲ್ಲ ಎಂದು ಸೊಲಾಂಜಳಿಗೆ ಅವತ್ತೇ ಮಾತು ಕೊಟ್ಟೆ. ಮಾತು ಉಳಿಸಿಕೊಂಡಿದ್ದೇನೆ. ಅಂಗಡಿಯ ಕಿಟಕಿಯ ಕೆಳಗೆ ಒಂದು ಗಿಡ್ಡ ಬೆಂಚು ಇತ್ತು, ಅದನ್ನು ಅಟ್ಟಕ್ಕೆ ಹಾಕಿಸಿ ಆ ಜಾಗದಲ್ಲಿ ಅವಳಿಗೆಂದು ಹೂಕುಂಡಗಳನ್ನು ಇಡಿಸಿದ್ದೇನೆ.

ಇಷ್ಟು ಮಾಡಿದವನಿಗೆ ಏನು ಸಿಕ್ಕಿತು? ಊಟಕ್ಕೆ ಕೂತಾಗ ಅವಳು ಜೇಬಿನಿಂದ ತೆಗೆಯುವುದು ಬಾತಿಸ್ತನ ಚಾಕು. ನಾನು ಮಾಡಿಕೊಟ್ಟ ಬೆಳ್ಳಿಕಟ್ಟಿನ ಚಾಕು ಪೆಟ್ಟಿಗೆಯಲ್ಲಿ ಮಲಗಿದೆ.

ನಮ್ಮಲ್ಲಿ ಮನೆಯ ಯಜಮಾನ ಚಾಕು ಮಡಿಚಿದರೆ ಊಟ ಮುಗಿಯಿತು, ಉಳಿದವರು ಏಳಬೇಕು. ನಾನು ಮಡಿಚಿದೆ, ಟಪ್ ಎಂದಿತು, ಹಸಿ ಸೌದೆ ಮುರಿದ ಹಾಗೆ. ಆಮೇಲೆ ಅವಳು ಮಡಿಚುತ್ತಾಳೆಂದು ಗೊತ್ತಿತ್ತು. ಆ ಟಕ್ ಕೇಳಬಾರದೆಂದು ಜೋರಾಗಿ ಕೆಮ್ಮಿದೆ.

ಅಕ್ಟೋಬರ್ 7, ಗುರುವಾರ

ಸೊಲಾಂಜ್ ಬೆಳಿಗ್ಗೆಯೇ ಕೆಳಗಿನ ಪೇಟೆಗೆ ಹೋಗಿ ಸಂಜೆ ಬಂದಳು. ಬೇಸಿಗೆಯಿಂದಲೂ ಪ್ರತಿ ಗುರುವಾರ ಹೋಗುತ್ತಾಳೆ. ಅಕ್ಕನ ಮನೆಗಿರಬೇಕು. ನಾನು ಕೇಳುವುದಿಲ್ಲ. ಹೆಂಡತಿಯ ಬೆನ್ನು ಹತ್ತುವ ಗಂಡಸು ನಾನಲ್ಲ.

ಅಕ್ಟೋಬರ್ 11, ಸೋಮವಾರ

ತಡೆಯಲಾಗಲಿಲ್ಲ. ಬೋನಾರ್ ತಂದ ಬಾತಿಸ್ತನ ಚಾಕುವಿನ ಮೊಳೆ ಹೊಡೆದು ತೆಗೆದೇಬಿಟ್ಟೆ. ಒಳಗೆ ಏನಿದೆ ನೋಡಿಯೇ ಬಿಡೋಣ ಎಂದು.

ಒಳಗೆ ಏನೂ ಇಲ್ಲ. ಅಲಗು, ಸ್ಪ್ರಿಂಗ್, ಎರಡು ಹಿತ್ತಾಳೆ ತಗಡು. ನನ್ನದರಲ್ಲಿ ಇರುವುದೇ ಅದರಲ್ಲೂ ಇದೆ. ಮೂವತ್ತು ವರ್ಷ ತಿರುಗಿದ ಬುಡ ಕನ್ನಡಿಯ ಹಾಗೆ ನುಣುಪಾಗಿದೆ, ಒಂದು ಗೀರಿಲ್ಲ. ಸರಿ, ನೋಡಿಯಾಯಿತು ಎಂದು ಮತ್ತೆ ಕೂರಿಸಿ ಹೊಸ ಮೊಳೆ ಹಾಕಿ ಬಡಿದೆ. ಬಿಗಿಯಾಯಿತು, ಅಲಗು ಏಳುವುದೇ ಇಲ್ಲ. ಸ್ವಲ್ಪ ಸಡಿಲಿಸಿದೆ, ಅಲುಗತೊಡಗಿತು. ಮತ್ತೆ ಬಡಿದೆ. ಮೊಳೆ ಓರೆಯಾಯಿತು. ತೆಗೆದು ಇನ್ನೊಂದು ಹಾಕಿದೆ. ತೂತು ದೊಡ್ಡದಾಯಿತು.

ಆಗಲೇ ಸೊಲಾಂಜ್ ಕಾಫಿ ಹಿಡಿದು ಬರಬೇಕೇ? ಬಾಗಿಲಲ್ಲಿ ನಿಂತು, ನನ್ನ ಸುತ್ತಿಗೆಯ ಪ್ರತಿ ಏಟಿಗೂ ತನ್ನ ಬೆರಳಿಗೇ ಬಿದ್ದ ಹಾಗೆ ಕಣ್ಣು ಕಿರಿದು ಮಾಡುತ್ತಿದ್ದಳು.

"ಅಷ್ಟು ಜೋರಾಗಿ ಬೇಡ," ಎಂದಳು ಮೆಲ್ಲಗೆ.

ಅಂಗಡಿಯ ವಿಷಯ ನನಗೆ ಬಿಡು, ನಿನ್ನ ಬಾತಿಸ್ತ್ ಹೇಗೆ ಬಡಿಯುತ್ತಿದ್ದ ಎಂಬ ಪಾಠ ನನಗೆ ಬೇಡ ಎಂದು ರೇಗಿದೆ. ಅವಳು ಕಾಫಿ ಇಟ್ಟು ಹೋದಳು. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡು ಹೋದ ಹಾಗಿತ್ತು. ಮೊದಲ ಗಂಡನನ್ನು ಅಂದದ್ದಕ್ಕೆ ನೋವಾಗಿರಬೇಕು. ಆಗಲಿ.

ಚಾಕುವನ್ನು ಎಣ್ಣೆ ಸುರಿದು ಮೇಜಿನ ಖಾನೆಗೆ ಎಸೆದೆ. ಬೋನಾರನಿಗೆ ಏನು ಹೇಳಲಿ? ಬಾತಿಸ್ತನ ಚಾಕು ಮೂವತ್ತು ವರ್ಷ ಬಾಳಿತು, ನನ್ನ ಕೈಗೆ ಬಂದು ಒಂದು ವಾರದಲ್ಲಿ ಸತ್ತಿತು ಎಂದೇ? ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಅಕ್ಟೋಬರ್ 14, ಗುರುವಾರ

ಮಳೆ. ಸೊಲಾಂಜ್ ಪೇಟೆಗೆ. ಖಾನೆ ತೆಗೆದು ನೋಡುವ ಧೈರ್ಯವಿಲ್ಲ.

ಅಕ್ಟೋಬರ್ 15, ಶುಕ್ರವಾರ

ಇದನ್ನು ಬರೆದಿಡಲೇಬೇಕು. ಬೆಳಿಗ್ಗೆ ಖಾನೆ ತೆಗೆದರೆ ಬೋನಾರನ ಚಾಕು ಸರಿಹೋಗಿದೆ. ಬಿಚ್ಚಿದರೆ ನೀರಿನ ಹಾಗೆ ಏಳುತ್ತದೆ. ಎಳೆದರೆ ಅಲುಗುವುದಿಲ್ಲ. ಮಡಿಚಿದರೆ ಟಕ್.

ಯೋಚಿಸಿದೆ. ನಾನು ಹಾಕಿದ್ದು ಒಳ್ಳೆಯ ಎಣ್ಣೆ. ನಾಲ್ಕು ದಿನ ಸುಮ್ಮನೆ ಬಿಟ್ಟಾಗ ಲೋಹ ತನ್ನ ಹಳೆಯ ಜಾಗ ಹುಡುಕಿಕೊಂಡು ಕೂತಿದೆ. ಹಳೆಯ ಉಕ್ಕಿಗೆ ಹೀಗೊಂದು ಗುಣವಿದ್ದರೂ ಇರಬಹುದು. ಅದಲ್ಲದೆ ನನ್ನ ಬಡಿತವೂ ಆ ಹೊತ್ತಿಗೆ ತೋರಿದಷ್ಟು ಕೆಟ್ಟದಾಗಿರಲಿಲ್ಲವೇನೋ. ಖುಷಿಗೆ ಸೊಲಾಂಜಳನ್ನು ಕರೆದು ತೋರಿಸಿದೆ. ನೋಡು, ನಿನ್ನ ಬಾತಿಸ್ತನ ಗುಟ್ಟು ಸಿಕ್ಕಿತು ಎಂದೆ.

ಅವಳು ಮೊಳೆಯ ತಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. "ಹೌದಾ," ಎಂದಳು. ಅಷ್ಟೇ. ಮೆಚ್ಚಿಗೆಯ ಒಂದು ಮಾತಿಗೆ ಇವಳಲ್ಲಿ ಎಷ್ಟು ಬಡತನ.

ಅಕ್ಟೋಬರ್ 18, ಸೋಮವಾರ

ಬೋನಾರ್ ಬಂದು ತನ್ನ ಚಾಕು ಮಡಿಚಿ, ನನ್ನ ಬೆನ್ನು ತಟ್ಟಿದ. "ಬಾತಿಸ್ತನ ಕೈಯೇ ನಿಮಗೂ ಬಂದುಬಿಡ್ತು," ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ, ಹೊಗಳಿದ್ದೇ ಎಂದುಕೊಂಡೆ. ಅದೇ ಉತ್ಸಾಹದಲ್ಲಿ ಹೊಸದಾಗಿ ಆರು ಚಾಕು ಜೋಡಿಸಿದೆ, ಧಾರಾಳವಾಗಿ ಎಣ್ಣೆ ಸುರಿದೆ. ಆರೂ ಟಪ್ ಎನ್ನುತ್ತವೆ.

ಅಕ್ಟೋಬರ್ 23, ಶನಿವಾರ

ಅಲಗುಗಳಿಗೆ ಸಾಣೆ ಹಿಡಿಸಲು ಹೊಳೆಯ ದಂಡೆಗೆ ಹೋಗಿದ್ದೆ. ಸಾಣೆಗಾರ ಮಾರಿಯುಸ್ ಎಂದಿನಂತೆ ಹಲಗೆಯ ಮೇಲೆ ಬೋರಲು ಮಲಗಿ, ಕೆಳಗೆ ಹೊಳೆಯ ನೀರಿನ ರಭಸಕ್ಕೆ ತಿರುಗುವ ಕಲ್ಲಿಗೆ ಅಲಗು ಒತ್ತುತ್ತಿದ್ದ. ಕಾಲು ಬೆಚ್ಚಗಿರಲೆಂದು ಅವನ ನಾಯಿ ಅವನ ಮೀನಖಂಡದ ಮೇಲೆ ಮಲಗಿತ್ತು. ನಾವು ನಲವತ್ತು ಸಲ ಜಗಳವಾಡಿದ ಗೆಳೆಯರು. ಅವನಿಗೆ ಕಲ್ಲಿಗಿಂತ ಜೋರಾಗಿ ತಿರುಗುವುದು ನಾಲಿಗೆ.

"ಗುರುವಾರ ನಿನ್ನ ಹೆಂಡ್ತಿ ಸಿಕ್ಕಿದ್ರು," ಎಂದ, ತಲೆ ಎತ್ತದೆ. "ಒನೊರೆ ಮನೆಗೆ ಹೋಗ್ತಿದ್ರು."

ಒನೊರೆಯ ಹೆಸರು ಕೇಳಿ ಎದೆಗೆ ಒದ್ದ ಹಾಗಾಯಿತು. ಕೆಳಗಿನ ಪೇಟೆಯ ಚಾಕು ವ್ಯಾಪಾರಿ, ಹೆಂಡತಿ ಸತ್ತವನು, ಮೀಸೆಗೆ ಮೇಣ ಹಚ್ಚುವವನು. ನಾನು ಬರುವ ಮೊದಲು ಸೊಲಾಂಜಳ ಬಾಗಿಲಿಗೆ ಎರಡು ಸಲ ಬಂದು ಹೋದವನು. ಏನಂತೆ ಅಲ್ಲಿ ಎಂದು ಆದಷ್ಟು ಸಹಜವಾಗಿ ಕೇಳಿದೆ.

"ನನ್ನ ಕೇಳ್ತೀಯಲ್ಲಯ್ಯ. ಮನೇಲಿ ಕೇಳು."

ನಾಯಿಯೂ ನನ್ನನ್ನು ನೋಡಿ ಆಕಳಿಸಿತು. ಮನೆಯಲ್ಲಿ ಕೇಳಲಿಲ್ಲ. ಕೇಳಿದರೆ ಅವಳು ಏನು ಹೇಳಿಬಿಡುತ್ತಾಳೋ.

ಅಕ್ಟೋಬರ್ 28, ಗುರುವಾರ

ಹೋದಳು. ಹೊಸ ಶಾಲು ಹೊದ್ದು ಹೋದಳು. ಬರುವಾಗ ಹಾಡು ಗುನುಗುತ್ತಿದ್ದಳು. ಇಡೀ ದಿನ ಒಂದೇ ಅಲಗು ಬಡಿದೆ, ಅದನ್ನೂ ಸುಟ್ಟುಹಾಕಿದೆ.

ನವೆಂಬರ್ 1, ಸೋಮವಾರ

ಇವತ್ತು ಎಲ್ಲರೂ ತಮ್ಮ ತಮ್ಮ ಸತ್ತವರನ್ನು ನೋಡಲು ಹೋಗುವ ಹಬ್ಬ. ಸೇವಂತಿಗೆಯ ಕುಂಡ ಭಾರವಿತ್ತು, ಹಾಗಾಗಿ ಬಾತಿಸ್ತನ ಗೋರಿಯವರೆಗೂ ಅದನ್ನು ಹೊತ್ತವನು ನಾನು. ಪ್ರತಿ ವರ್ಷವೂ ನಾನೇ. ಸೊಲಾಂಜ್ ಕಲ್ಲಿನ ಮೇಲಿನ ಎಲೆ ಗುಡಿಸುವಾಗ ನಾನು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ. ಒಳಗೊಳಗೇ ಅವನ ಜೊತೆ ಮಾತನಾಡಿದೆ. ಅಂಗಡಿ ಬಿಟ್ಟೆ, ಹಾಸಿಗೆ ಬಿಟ್ಟೆ, ಚಾಕು ಅಲುಗದಂತೆ ಮಾಡುವುದನ್ನು ಮಾತ್ರ ಹೊತ್ತುಕೊಂಡು ಹೋದೆಯಲ್ಲೋ ಎಂದೆ. ಈಗ ನಮ್ಮಿಬ್ಬರನ್ನೂ ಬಿಟ್ಟು ಅವಳು ಮೂರನೆಯವನ ಮನೆಗೆ ಹೋಗುತ್ತಿದ್ದಾಳೆ, ನಿನಗೆ ಗೊತ್ತೇ ಎಂದೂ ಕೇಳಿದೆ. ಆ ಗಳಿಗೆಯಲ್ಲಿ ಅವನ ಬಗ್ಗೆ ಸ್ವಲ್ಪ ಅಯ್ಯೋ ಅನಿಸಿತು.

ಹೂಕುಂಡ ಇಡುವಾಗ ಅವಳ ಬಲಗೈ ಹೆಬ್ಬೆರಳು ಕಣ್ಣಿಗೆ ಬಿತ್ತು. ಉಗುರಿನ ಸುತ್ತ ಕಪ್ಪು ಕೂತಿದೆ. ನಾನು ಮಸಿ ತಾಗಿಸುವುದಿಲ್ಲ ಎಂದು ಕಾಪಾಡಿದ ಕೈ. ಎಲೆಕೋಸಿನದು ಇರಬೇಕು.

ನವೆಂಬರ್ 5, ಶುಕ್ರವಾರ

ಮಾರಿಯುಸ್‌ನ ಕೈಲಿ ಒನೊರೆಯ ಅಂಗಡಿಯಿಂದ ಒಂದು ಹೊಸ ಚಾಕು ತರಿಸಿದೆ. ಅದರಲ್ಲಿ ಹುಳುಕು ಹುಡುಕಿ ಊರಿಗೆಲ್ಲ ಸಾರಬೇಕೆಂದಿದ್ದೆ. ಉಕ್ಕು ಕಳಪೆ. ಸಂತೋಷವಾಯಿತು. ಹಿಡಿಯ ಕೊಂಬು ಓರೆ. ಇನ್ನೂ ಸಂತೋಷವಾಯಿತು. ಕೊನೆಗೆ ಮಡಿಚಿದೆ.

ಟಕ್.

ಮತ್ತೆ ಬಿಚ್ಚಿ ಮಡಿಚಿದೆ. ಸಂಶಯವೇ ಇಲ್ಲ. ಅದೇ ಸದ್ದು. ಬಾತಿಸ್ತ್ ಸತ್ತು ಏಳು ವರ್ಷದ ಮೇಲೆ ಅವನ ಸದ್ದು ಹೊಸ ಚಾಕುವಿನಿಂದ ಬರುತ್ತಿದೆ. ಅಲಗು ಹಿಡಿದು ಎಳೆದೆ, ಅಲುಗಲಿಲ್ಲ. ಈ ದರಿದ್ರ ಉಕ್ಕು ಸವೆದು ದಾರದಷ್ಟಾದರೂ ಇದು ಅಲುಗುವುದಿಲ್ಲ ಎಂದು ನನ್ನ ಕೈಗೆ ಗೊತ್ತಾಯಿತು.

ಅರ್ಥವಾಯಿತು. ಬಾತಿಸ್ತನ ಗುಟ್ಟು ಅವಳಿಗೆ ಗೊತ್ತಿತ್ತು. ಜೊತೆಯಲ್ಲಿದ್ದು ನೋಡಿದ್ದಾಳಲ್ಲ. ಅದನ್ನು ಗಂಡನಾದ ನನಗೆ ಹೇಳದೆ ಮೀಸೆಗೆ ಮೇಣ ಹಚ್ಚುವವನಿಗೆ ಹೇಳಿಕೊಟ್ಟಿದ್ದಾಳೆ. ಮನಸ್ಸು ಕೊಡದೆ ಯಾವ ಹೆಂಗಸೂ ಇಂಥದ್ದನ್ನು ಕೊಡುವುದಿಲ್ಲ.

ಚಾಕುವನ್ನು ಕುಲುಮೆಗೆ ಎಸೆಯಹೋದೆ. ಎಸೆಯಲಾಗಲಿಲ್ಲ, ಜೋಡಣೆ ಅಷ್ಟು ಚೆನ್ನಾಗಿತ್ತು.

ನವೆಂಬರ್ 9, ಮಂಗಳವಾರ

ರಾತ್ರಿ ಊಟದ ಹೊತ್ತಿಗೆ ನಾನು ಮೂರು ದಿನದಿಂದ ಮಾತು ಬಿಟ್ಟಿದ್ದೆ. ಬ್ರೆಡ್ ಕುಯ್ದೆ, ಸಾಸೇಜ್ ಕುಯ್ದೆ. ಸೊಲಾಂಜ್ ನನ್ನ ಎದುರಿಗೆ ಕೂತು ನೋಡುತ್ತಿದ್ದಳು.

"ಏನಾದ್ರೂ ಕೇಳ್ಬೇಕಾ ನನ್ನ?" ಎಂದಳು.

ಏನೂ ಇಲ್ಲ ಎಂದೆ.

ಆಗ ಅವಳು ತನ್ನ ಚಾಕು ಮಡಿಚಿ ಎದ್ದಳು. ನನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಚೀಸ್ ಇತ್ತು, ನನ್ನ ಚಾಕು ಬಿಚ್ಚಿಕೊಂಡೇ ಇತ್ತು. ಈ ಮನೆಯಲ್ಲಿ ಊಟ ಮುಗಿಯಿತೆಂದು ಹೇಳಿದವಳು ಅವಳು. ನಮ್ಮಪ್ಪ ಇದ್ದಿದ್ದರೆ ಮೇಜು ಬೀಳಿಸುತ್ತಿದ್ದ. ನಾನು ಒಬ್ಬನೇ ಕೂತು ಚೀಸ್ ಮುಗಿಸಿದೆ.

ಅವಳನ್ನು ಕಳೆದುಕೊಂಡರೆ ನನಗೆ ಈ ಊರಿನಲ್ಲಿ ಏನಿದೆ? ಇನ್ನೊಬ್ಬನ ಅಡೆಗಲ್ಲು.

ನವೆಂಬರ್ 18, ಗುರುವಾರ

ಬೆನ್ನು ಹತ್ತಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹತ್ತಿದೆ. ಅವಳು ಮೆಟ್ಟಿಲಿಳಿದು ಹೋಗುವ ತನಕ ಬಾಗಿಲ ಹಿಂದೆ ನಿಂತು, ಮೇಲಂಗಿ ಹಾಕಿಕೊಂಡು ಇಳಿದೆ. ಒನೊರೆಗೆ ಹೇಳಬೇಕಾದದ್ದನ್ನೆಲ್ಲ ದಾರಿಯಲ್ಲಿ ಎರಡೆರಡು ಸಲ ಹೇಳಿ ನೋಡಿಕೊಂಡೆ. ಮೊದಲು ಮೀಸೆಯಿಂದ ಶುರು ಮಾಡುವುದೆಂದಿತ್ತು.

ಅವನ ಕೆಲಸದ ಮನೆಯ ಬಾಗಿಲು ತೆರೆದೇ ಇತ್ತು. ಕಿಟಕಿಯ ಬೆಳಕಿಗೆ ಮುಖ ಮಾಡಿ ಮೂವರು ಹೆಂಗಸರು ಗಿಡ್ಡ ಬೆಂಚುಗಳ ಮುಂದೆ ಕೂತಿದ್ದರು. ನಡುವೆ ಸೊಲಾಂಜ್. ಕೂದಲನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. ಒಂದು ಪುಟ್ಟ ಸುತ್ತಿಗೆ. ಮೊಳೆಯ ತಲೆಗೆ ಮುಟ್ಟಿದಳೋ ಇಲ್ಲವೋ ಎನ್ನುವ ಹಾಗೆ ಒಂದು ಏಟು, ಚಾಕು ತುಸು ತಿರುಗಿಸಿ ಇನ್ನೊಂದು. ಬಿಚ್ಚಿದಳು, ಮಡಿಚಿದಳು, ಕಿವಿಗೊಟ್ಟಳು, ತಲೆಯಾಡಿಸಿದಳು. ಮತ್ತೆ ಒಂದು ಏಟು. ಬಿಚ್ಚಿದಳು, ಮಡಿಚಿದಳು.

ಟಕ್.

ನನ್ನನ್ನು ನೋಡಿದಳು. ಗಾಬರಿಯಾಗಲಿಲ್ಲ, ಏಳಲೂ ಇಲ್ಲ. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಚಾಕು ತೆಗೆದುಕೊಂಡಳು. ನಾನು ನಿಂತೇ ಇದ್ದೆ.

ಒನೊರೆ ಒಳಗಿನಿಂದ ಬಂದು ಟೋಪಿ ತೆಗೆದ. "ಕೊನೆಗೂ ಬಂದ್ರಾ? ಜಗಳಕ್ಕೆ ಬರ್ತೀರಿ ಅಂತ ಬೇಸಿಗೆಯಿಂದ ಕಾಯ್ತಾ ಇದೀನಿ. ಇಂಥಾ ಕೈನ ಮನೇಲಿ ಕೂರಿಸಿದೀರಲ್ಲ, ಅದಕ್ಕೆ ನಾನು ಜಗಳ ಆಡ್ಬೇಕಿತ್ತು."

ಬಾತಿಸ್ತನ ಚಾಕುಗಳನ್ನು ಜೋಡಿಸುತ್ತಿದ್ದವರು ಯಾರು ಎಂದು ಕೇಳಿದೆ. ಪಕ್ಕದ ಬೆಂಚಿನ ಹೆಂಗಸು ಕಿಸಕ್ಕೆಂದಳು. ಒನೊರೆ ನನ್ನನ್ನು ಕರುಣೆಯಿಂದ ನೋಡಿದ.

"ನೊಜಾಂನೋರು ನೀವು, ಗೊತ್ತಿರ್ಲಿಲ್ಲ ಅಂತ ಕಾಣುತ್ತೆ. ಇಲ್ಲಿ ಗಂಡಸರು ಬಡಿಯೋದು, ಹೆಂಗಸರು ಜೋಡಿಸೋದು. ಬಾತಿಸ್ತ್ ಮೊಳೆ ಬಡಿದಿದ್ದನ್ನ ಕಂಡೋರು ಈ ಊರಲ್ಲಿ ಒಬ್ರಿಲ್ಲ. ಅವನ ಕೈಯೂ ನಿಮ್ಮ ಥರಾನೇ, ಕತ್ತೆ ಒದ್ದ ಹಾಗೆ."

ಮೀಸೆಯ ಮಾತು ಮರೆತೇಹೋಯಿತು. ಹೊರಗೆ ಬಂದು ಗೋಡೆಯ ಪಕ್ಕ ನಿಂತೆ. ಅವಳು ಸಂಜೆ ಕೆಲಸ ಮುಗಿಸಿ ಬರುವವರೆಗೂ ಅಲ್ಲೇ ಇದ್ದೆ. ಮನೆಯವರೆಗೆ ಜೊತೆಯಲ್ಲಿ ಹತ್ತಿ ಬಂದೆವು. ನನಗೆ ಚಳಿ ಹಿಡಿದಿದೆ.

ನವೆಂಬರ್ 19, ಶುಕ್ರವಾರ

ಹೇಳಬಹುದಿತ್ತಲ್ಲ ಎಂದೆ ಬೆಳಿಗ್ಗೆ.

"ಹೇಳಿದ್ದೆ. ಜೋಡಿಸ್ತಿದ್ದೆ ಅಂತ ಹೇಳಿದ್ದೆ. ನೀನು ತಲೆ ಆಡಿಸಿ, ಮದುವೆ ಆದ ಮರುದಿನಾನೇ ನನ್ನ ಬೆಂಚು ಅಟ್ಟಕ್ಕೆ ಹಾಕಿಸ್ದೆ. ಅದು ನಮ್ಮಮ್ಮ ಕೂತಿದ್ದ ಬೆಂಚು."

ಪ್ರೀತಿಯಿಂದ ಮಾಡಿದ್ದು ಎಂದೆ.

"ಗೊತ್ತು. ಅದಕ್ಕೇ ಮೂರು ವರ್ಷ ಹೂಕುಂಡಕ್ಕೆ ನೀರು ಹಾಕ್ದೆ. ನೀನು ಒಳ್ಳೆಯೋನು, ಗಾಸ್ಪಾರ್. ಆದ್ರೆ ನಿನಗೇನು ಬೇಕು ಅಂತ ಒಂದು ದಿನ ನನ್ನ ಕೇಳ್ಲಿಲ್ಲ."

ಹಾಗಾದರೆ ಬೋನಾರನ ಚಾಕು, ಎಂದೆ.

"ಚಾಕು ತಾನಾಗೇ ವಾಸಿ ಆಗುತ್ತಾ? ಅದಕ್ಕೇನು ನೆಗಡಿ ಬಂದಿತ್ತಾ? ಸರಿ ಮಾಡೋಕೆ ನನಗೆ ಇಡೀ ಗುರುವಾರ ಹಿಡೀತು. ನೀನು ಅಷ್ಟು ಅಗಲ ತೂತು ಮಾಡಿದ್ದೆ." ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ನಾನು ನಗಲಿಲ್ಲ. ನಗುವಂಥದ್ದೇನೂ ಇರಲಿಲ್ಲ.

ಆಮೇಲೆ, ನಾನು ಕೇಳದೆಯೇ, ನನ್ನ ಚಾಕುಗಳ ರೋಗ ಏನೆಂದು ಹೇಳಿದಳು. ಉಕ್ಕು ಬಾತಿಸ್ತನದಕ್ಕಿಂತ ಎಷ್ಟೋ ಮೇಲಂತೆ. ಅವಳ ಬಾಯಿಂದಲೇ ಬಂದ ಮಾತು, ಇಲ್ಲಿ ಬರೆದಿಟ್ಟಿದ್ದೇನೆ. ಆದರೆ ಅಲಗು ಸವೆಯುವುದಕ್ಕೇ ಇರುವುದು, ಅದು ಸವೆದರೆ ಚಾಕು ಸಾಯುವುದಿಲ್ಲ. ಅದು ಸಾಯುವುದು ಸಂದಿನಲ್ಲಿ. ಅಲುಗಬಾರದೆಂದು ನಾನು ಹೊಸದರಲ್ಲೇ ಉಸಿರುಗಟ್ಟುವ ಹಾಗೆ ಬಿಗಿಯುತ್ತೇನಂತೆ. ಬಿಗಿದದ್ದು ಒಂದನ್ನೊಂದು ತಿಂದು ಬೇಗ ಸಡಿಲವಾಗುತ್ತದಂತೆ. "ತಿರುಗೋಕೆ ಒಂದು ಕೂದಲಷ್ಟು ಜಾಗ ಬಿಡ್ಬೇಕು," ಎಂದಳು. ಚಾಕುವಿನ ಮಟ್ಟಿಗೆ ಸರಿಯಾದ ಮಾತೇ. ಮುಂದಿನ ಸಲ ಪ್ರಯತ್ನಿಸಬೇಕು.

ಬಾತಿಸ್ತನ ಮೇಲಿನ ಉರಿ ಇದರಿಂದ ಹೋಯಿತು ಎಂದುಕೊಂಡರೆ ತಪ್ಪು. ಇನ್ನೂ ಹೆಚ್ಚಾಗಿದೆ. ಆ ಕತ್ತೆಯ ಪಕ್ಕದಲ್ಲಿ ಅವಳು ಇಪ್ಪತ್ತೈದು ವರ್ಷ ಕೂತು ಕೆಲಸ ಮಾಡಿದಳು. ನನ್ನ ಪಕ್ಕದಲ್ಲಿ ಕೂತದ್ದು ಹೂಕುಂಡ.

ನವೆಂಬರ್ 20, ಶನಿವಾರ

ಅಟ್ಟದಿಂದ ಬೆಂಚು ಇಳಿಸಿದೆ. ಇಲಿ ಒಂದು ಕಾಲು ಕಡಿದಿತ್ತು, ಸರಿ ಮಾಡಿದೆ. ಕುಂಡಗಳನ್ನು ಹೊರಗಿಟ್ಟೆ. ಅವಳು ನೋಡಿದಳು, ಕೂರಲಿಲ್ಲ.

ನವೆಂಬರ್ 24, ಬುಧವಾರ

ಕರಾರು ಅವಳದು. ಸೋಮವಾರ ಮತ್ತು ಮಂಗಳವಾರ ಇಲ್ಲಿ ಕೂರುತ್ತಾಳೆ. ಗುರುವಾರದ ಜೊತೆಗೆ ಶುಕ್ರವಾರವನ್ನೂ ಒನೊರೆಗೆ ಕೊಟ್ಟು ಮಾತಾಗಿದೆ, ಅದನ್ನು ಮುರಿಯುವುದಿಲ್ಲ. ಬುಧವಾರ ಮನೆಕೆಲಸ. ನನ್ನ ಹೆಂಡತಿ ವಾರಕ್ಕೆ ಎರಡು ದಿನ ಇನ್ನೊಬ್ಬನ ಚಾಕು ಜೋಡಿಸುತ್ತಾಳೆಂದರೆ ಜನ ಏನಂದಾರು ಎಂದೆ. ಮೂರು ವರ್ಷದಿಂದ ಜನ ಏನಂತಿದ್ದಾರೆ ಗೊತ್ತೇ ಎಂದು ಕೇಳಿದಳು. ಬೇಡ, ಹೇಳಬೇಡ ಎಂದೆ.

ಡಿಸೆಂಬರ್ 1, ಬುಧವಾರ

ಸಂತ ಎಲೊಯ್ ಹಬ್ಬ, ನಮ್ಮ ಕಸುಬಿನವರೆಲ್ಲ ಒಟ್ಟಿಗೆ ಕುಡಿಯುವ ದಿನ. ಮಾರಿಯುಸ್ ಹೋಗಿ ಹೋಗಿ ಎಲ್ಲರಿಗೂ ಕಥೆ ಹೇಳಿಬಿಟ್ಟಿದ್ದ. ನೆಗಡಿ ಬಂದ ಚಾಕು ವಾಸಿಯಾಯಿತೇ ಎಂದು ಇಡೀ ಮೇಜು ಕೇಳಿತು. ನೆಗಡಿಯ ಮಾತು ಅವನಿಗೆ ಹೇಗೆ ಗೊತ್ತು? ಸೊಲಾಂಜಳೇ ಹೇಳಿರಬೇಕು. ಒನೊರೆ ನನ್ನ ಲೋಟಕ್ಕೆ ವೈನ್ ಬಗ್ಗಿಸಿ, ಹೋದ ಶುಕ್ರವಾರ ಅವಳು ಜೋಡಿಸಿದ ಚಾಕುಗಳನ್ನು ವರ್ಣಿಸಿದ. ಅವನ ಮೀಸೆಯ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವನ ಶುಕ್ರವಾರದ ಮೇಲೆ ಹೊಟ್ಟೆ ಹೊತ್ತಿ ಉರಿಯುತ್ತದೆ. ಅಂಥ ಕೆಟ್ಟ ಉಕ್ಕಿಗೆ ಅಂಥ ಜೋಡಣೆ!

ಡಿಸೆಂಬರ್ 7, ಮಂಗಳವಾರ

ಅವಳು ಬಡಿಯುವಾಗ ನಾನು ಕುಲುಮೆಯ ತಿದಿ ನಿಲ್ಲಿಸುತ್ತೇನೆ, ಸದ್ದು ಕೇಳಿಸಲಿ ಎಂದು. ಅವಳಿಗೆ ಕೇಳಿಸಲಿ ಎಂದು. ನನಗೂ ಕೇಳಿಸುತ್ತದೆ, ಅದು ಬೇರೆ ಮಾತು.

ಡಿಸೆಂಬರ್ 14, ಮಂಗಳವಾರ

ಮಧ್ಯಾಹ್ನ ಮೇಲಿನ ಹಳ್ಳಿಯ ರೈತನೊಬ್ಬ ಬಂದ. ಹಿಂದೆಂದೂ ಕಂಡವನಲ್ಲ. ಅಳಿಯನಿಗೆ ಕೊಡಲು ಒಂದು ಚಾಕು ಬೇಕಂತೆ, ಜೀವಮಾನ ಬಾಳುವಂಥದ್ದು. ಮೇಜಿನ ಮೇಲಿದ್ದವುಗಳಲ್ಲಿ ಒಂದನ್ನು ಎತ್ತಿಕೊಂಡ. ಅದರ ಅಲಗು ನಾನು ಈ ವರ್ಷ ಬಡಿದವುಗಳಲ್ಲೇ ಚೆಂದದ್ದು.

"ಇದು ಮಂಗಳವಾರದ್ದಾ, ಬುಧವಾರದ್ದಾ?" ಎಂದ.

ಮಾರಿಯುಸ್‌ನ ನಾಲಿಗೆ ಮೇಲಿನ ಹಳ್ಳಿಗಳವರೆಗೂ ಹತ್ತಿದೆ. ಕಿಟಕಿಯ ಕೆಳಗೆ ಸೊಲಾಂಜ್ ಬೆಂಚಿನ ಮೇಲೆ ಬಾಗಿಕೊಂಡಿದ್ದಳು, ಅವಳ ಸುತ್ತಿಗೆ ನಿಂತಿತು. ಮಂಗಳವಾರ ಎಂದುಬಿಟ್ಟಿದ್ದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ, ಎರಡು ವರ್ಷವಾದರೂ ಗೊತ್ತಾಗುತ್ತಿರಲಿಲ್ಲ.

ಬುಧವಾರದ್ದು, ನಾನೇ ಜೋಡಿಸಿದ್ದು ಎಂದೆ. ಅವನು ಅದನ್ನು ಮೆಲ್ಲಗೆ ಕೆಳಗಿಟ್ಟು ಪಕ್ಕದ ಮಂಗಳವಾರದ್ದನ್ನು ತೆಗೆದುಕೊಂಡ. ನನ್ನದೇ ಅಂಗಡಿಯಲ್ಲಿ, ನನ್ನದೇ ಅಲಗಿನ ಎದುರು ನನ್ನದೇ ಅಲಗು ಸೋತಿತು. ಹೊಟ್ಟೆಯಲ್ಲಿ ಕಿಚ್ಚು ಎದ್ದಿತು, ಯಾರ ಮೇಲೆ ಎಂದು ಹುಡುಕಿದೆ. ವಾರದ ಒಂದು ದಿನದ ಮೇಲೆ.

ಸೊಲಾಂಜ್ ತಲೆ ಎತ್ತಲಿಲ್ಲ. "ಬುಧವಾರದ ಬಟ್ಟೆ ಒಗೆಯೋದನ್ನ ಶನಿವಾರಕ್ಕೆ ಹಾಕ್ಬಹುದು," ಎಂದಳು, ಕೈಯಲ್ಲಿದ್ದ ಚಾಕುವಿಗೆ ಹೇಳುವ ಹಾಗೆ.

ಅಷ್ಟು ಹೇಳಿ ಕಾಯುತ್ತ ಕೂತಳು. ರೈತ ಇನ್ನೂ ಬಾಗಿಲಲ್ಲೇ ನಿಂತಿದ್ದ. ಬುಧವಾರವೂ ಇಲ್ಲಿ ಕೂರಲು ನಿನಗೆ ಇಷ್ಟವೇ ಎಂದು ಅವನ ಎದುರಿಗೇ ಕೇಳಿದೆ.